ಕೊಲಂಬೈನ್ ಹೂಗಿಡದ ಬೀಜದ ಕಾಯಿ ಕತ್ತರಿಸ್ಬೇಕಾ ಬಿಡ್ಬೇಕಾ: ನಮ್ಮನೆ ಗುಂಪಲ್ಲಿ ಆದ ವಾದ

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ್ದು) ಕೊಲಂಬೈನ್ ಬೆಳೆಯುವವರ ಗಮನಕ್ಕೆ!! 🌸 ಬೀಜವನ್ನು 1 ಇಂಚು ಆಳಕ್ಕೆ ಬಿತ್ತಿ, 2 ತಿಂಗಳಲ್ಲಿ ಹೂ ಖಚಿತ. ಎಲೆಯಲ್ಲಿ ಬಿಳಿ ಗೆರೆ ಕಂಡರೆ ಕೂಡಲೇ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿ. ಕಾಯಿ ಕಟ್ಟಲು ಬಿಡಲೇಬೇಡಿ, ಎಲ್ಲವನ್ನೂ ಕತ್ತರಿಸಿದರೆ ಗಿಡ ಹತ್ತಾರು ವರ್ಷ ಬಾಳುತ್ತದೆ. ಎಲ್ಲರಿಗೂ ತಲುಪಿಸಿ 🙏

ದೊಡ್ಡಪ್ಪ: ಗಿಡ ಇಟ್ಕೊಂಡಿರೋರೆಲ್ಲ ಓದಿ, ಉಪಯೋಗಕ್ಕೆ ಬರತ್ತೆ

ಅತ್ತೆ: ಥ್ಯಾಂಕ್ಸ್ ಅಣ್ಣ. ನನ್ ಗಿಡದ ಎಲೆ ಮೇಲೂ ಬಿಳಿ ಗೆರೆ ಬಂದ್ಬಿಟ್ಟಿದೆ, ಇವತ್ತೇ ಕಿತ್ತು ಹಾಕ್ತೀನಿ 😔

ನಾನು: ಅತ್ತೆ ಪ್ಲೀಸ್ ಕೀಳ್ಬೇಡಿ!! ಮೊದ್ಲು ಎಲೆ ಫೋಟೋ ಹಾಕಿ

ನಾನು: ದೊಡ್ಡಪ್ಪ ಬೇಜಾರ್ ಮಾಡ್ಕೋಬೇಡಿ, ಆದ್ರೆ ಈ ಪೋಸ್ಟ್ ನಂಬ್ಕೊಂಡ್ರೆ ಗಿಡ ಉಳಿಯಲ್ಲ. ಕೊಲಂಬೈನ್ ಬೀಜ ಮೊಳಿಯಕ್ಕೆ ಬೆಳಕು ಬೇಕು, ಮಣ್ಣಿನ ಮೇಲೆ ಉದುರಿಸಿ ಕೈಲಿ ಮೆತ್ತಗೆ ಒತ್ತಿದ್ರೆ ಸಾಕು, 1 ಇಂಚು ಒಳಗೆ ಹೂತಿಟ್ರೆ ಹುಟ್ಟೋದೇ ಕಷ್ಟ. ಒಣಗಿಸಿಟ್ಟಿರೋ ಬೀಜಕ್ಕೆ ಚಳಿ ಬೇರೆ ತೋರಿಸ್ಬೇಕು, ಒದ್ದೆ ಟಿಶ್ಯೂಲಿ ಸುತ್ತಿ ಫ್ರಿಜ್ಜಲ್ಲಿ 3-4 ವಾರ ಇಟ್ಟು ಆಮೇಲೆ ಹಾಕೋದು, ಹಾಕಿದ್ಮೇಲೂ ಮೊಳಕೆ ಬರಕ್ಕೆ ಇನ್ನೂ 3-4 ವಾರ, ಕೆಲವು ಸಲ ಅದಕ್ಕಿಂತ ಜಾಸ್ತಿ. ಸಾಮಾನ್ಯವಾಗಿ ಒಂದು ಚಳಿಗಾಲ ಕಳೆದು ಎರಡನೇ ವರ್ಷಕ್ಕೇ ಹೂವು. 2 ತಿಂಗಳು ಅಂತ ಕಾದು ಬರ್ಲಿಲ್ಲ ಅಂತ ಪಾಟ್ ಮಗುಚಿ ಹಾಕೋರು ಎಷ್ಟು ಜನ

ದೊಡ್ಡಪ್ಪ: ಪುಟ್ಟಿ, ಬರ್ದಿರೋರು ಏನೂ ಗೊತ್ತಿಲ್ದೆ ಬರ್ದಿರ್ತಾರಾ

ಅತ್ತೆ: (ಫೋಟೋ) ನೋಡು, ಎಲೆ ತುಂಬ ಅಂಕುಡೊಂಕು ಬಿಳಿ ಗೆರೆ

ನಾನು: ಅತ್ತೆ ಇದು ರಂಗೋಲಿ ಹುಳ. ಸಣ್ಣ ನೊಣ ಒಂದು ಎಲೆಗೆ ಮೊಟ್ಟೆ ಇಡತ್ತೆ, ಅದರ ಮರಿಹುಳ ಎಲೆಯ ಎರಡು ಪದರದ ಮಧ್ಯೆ ತಿಂತಾ ತಿಂತಾ ದಾರಿ ಮಾಡ್ಕೊಂಡು ಹೋಗತ್ತೆ. ಎಲೆನ ಬೆಳಕಿಗೆ ಹಿಡಿದು ನೋಡಿ, ಗೆರೆ ಶುರುವಾಗೋ ಕಡೆ ಸಣ್ಣಕ್ಕಿದ್ದು ಹೋಗ್ತಾ ಹೋಗ್ತಾ ದಪ್ಪ ಆಗಿರತ್ತೆ, ಆ ದಪ್ಪ ತುದೀಲಿ ಹುಳ ಇನ್ನೂ ಇದ್ರೆ ಕಾಣತ್ತೆ, ಅಲ್ಲೇ ಬೆರಳಲ್ಲಿ ಒತ್ತಿದ್ರೆ ಮುಗೀತು. ತುಂಬ ಕೆಟ್ಟಿರೋ ಎಲೆ ಕಿತ್ತು ಹಾಕಿ, ಹೂ ಮುಗಿದಿದ್ರೆ ಎಲೆಯೆಲ್ಲ ಬುಡದವರೆಗೂ ಕತ್ತರಿಸಿದ್ರೂ ಹೊಸ ಚಿಗುರು ಬರತ್ತೆ. ನೋಡಕ್ಕೆ ಚೆನ್ನಾಗಿರಲ್ಲ ಅಷ್ಟೇ, ಗಿಡ ಸಾಯಲ್ಲ

ಮಾವ: ಇದು ನಿಜ ಭಾವ, ನಮ್ಮಲ್ಲಿ ಹಿಂದೆ ಇದ್ದ ಗಿಡಕ್ಕೂ ಹಿಂಗೇ ಆಗ್ತಿತ್ತು, ಹೂವೇನೂ ಕಮ್ಮಿ ಆಗ್ಲಿಲ್ಲ

ದೊಡ್ಡಪ್ಪ: ಸರಿ ಹುಳ ಅಂತೀರಾ. ರೋಗ ಆಗಿದ್ರೆ? ಪಕ್ಕದ ಗಿಡಕ್ಕೆಲ್ಲ ಹರಡಿದ್ಮೇಲೆ ಯಾರು ಜವಾಬ್ದಾರಿ. ಒಂದು ಗಿಡ ಹೋದ್ರೆ ಹೋಗ್ಲಿ, ಉಳಿದಿದ್ದು ಉಳೀಬೇಕಲ್ಲ

ನಾನು: ಆ ಭಯ ಸರಿ ದೊಡ್ಡಪ್ಪ. ಕೊಲಂಬೈನ್‌ಗೆ ಡೌನಿ ಮಿಲ್ಡ್ಯೂ ಅಂತ ಬೂಜು ರೋಗ ಇದೆ, ಬ್ರಿಟನ್ನಲ್ಲಿ 2013ರಲ್ಲಿ ಮೊದಲ ಸಲ ಕಂಡಿದ್ದು, ಅದು ಬಂದ್ರೆ ಗಿಡ ಕಿತ್ತು ನಾಶ ಮಾಡಿ ಅಂತಾನೇ ತಿಳಿದೋರು ಹೇಳೋದು. ಆದ್ರೆ ಅದು ಗೆರೆ ಅಲ್ಲ! ಎಲೆ ಮೇಲೆ ಹಳದಿ ಹಳದಿ ಮಚ್ಚೆ, ತಿರುಗಿಸಿ ನೋಡಿದ್ರೆ ಕೆಳಗಡೆ ಬಿಳೀ ಬೂಜು. ಈ ಪೋಸ್ಟ್ ಬರೆದೋರು ರೋಗದ ಮದ್ದನ್ನ ಹುಳಕ್ಕೆ ಹೇಳ್ಬಿಟ್ಟಿದಾರೆ, ಚೆನ್ನಾಗಿರೋ ಗಿಡ ಸುಡಿಸ್ತಿದಾರೆ, ನಂಗೆ ಹೊಟ್ಟೆ ಉರಿಯೋದು ಅದಕ್ಕೇ

ಅತ್ತೆ: ತಿರುಗಿಸಿ ನೋಡ್ದೆ, ಬೂಜು ಇಲ್ಲ. ಬರೀ ಗೆರೆ. ಸದ್ಯ!!

ತಮ್ಮ: ಅತ್ತೆ ಅದು ಆ ಗುಲಾಬಿ ಬಿಳಿ ಸುತ್ತು ಸುತ್ತು ಎಸಳಿಂದಾ?

ಅತ್ತೆ: ಹೂಂ ಕಣೋ, ನೋರಾ ಬಾರ್ಲೋ ಅನ್ನೋ ತಳಿ. ಅದಕ್ಕೇ ಜೀವ ಹೋದಂಗಾಗಿತ್ತು

ತಮ್ಮ: ನೋರಾ ಬಾರ್ಲೋ ಅಂದ್ರೆ ಡಾರ್ವಿನ್ ಮೊಮ್ಮಗಳು ಗೊತ್ತಾ, ಅವರ ಹೆಸರೇ ಇಟ್ಟಿರೋದು

ಅತ್ತೆ: ಹೌದಾ!! ಗೊತ್ತೇ ಇರ್ಲಿಲ್ಲ

ಅಕ್ಕ: ಒಂದು ಮುಖ್ಯವಾದ್ದು, ಈ ಗಿಡದ ಬೀಜ ಬೇರು ವಿಷ, ಮಕ್ಕಳಿರೋ ಮನೇಲಿ ಬೀಜ ಬಿಡಿಸೋವಾಗ ಹುಷಾರು. ಕಪ್ಪಗೆ ಮಿರಮಿರ ಮಿಂಚ್ತಿರತ್ತೆ, ಚಿಕ್ಕ ಮಕ್ಕಳು ಬಾಯಿಗೆ ಹಾಕ್ಕೋತಾರೆ

ದೊಡ್ಡಪ್ಪ: ಅದಕ್ಕೇ ಹೇಳಿದ್ದು ಕಾಯಿ ಬಿಡ್ಲೇಬಾರ್ದು ಅಂತ. ಕಾಯಿಗೆ ಹೋಗೋ ಶಕ್ತಿ ಬೇರಿಗೆ ಹೋಗತ್ತೆ, ಪಾತಿನೂ ಅಚ್ಚುಕಟ್ಟಾಗಿರತ್ತೆ. ನಮ್ಮಲ್ಲಿ ಸಿಕ್ಕ ಸಿಕ್ಕಲ್ಲೆಲ್ಲ ಹುಟ್ಕೊಂಡಿದೆ, ಕಲ್ಲಿನ ಸಂದೀಲೂ ಬಿಟ್ಟಿಲ್ಲ

ನಾನು: ದೊಡ್ಡಪ್ಪ ನನ್ನ ದೊಡ್ಡ ತಕರಾರು ಇರೋದೇ ಇಲ್ಲಿ. ಬಾಡಿದ ಹೂ ತೆಗೆದ್ರೆ ಇನ್ನೊಂದಿಷ್ಟು ದಿನ ಹೂ ಬರತ್ತೆ, ಒಪ್ತೀನಿ. ಆದ್ರೆ ಹತ್ತಾರು ವರ್ಷ ಬಾಳೋ ಗಿಡ ಅಲ್ಲ ಇದು, ಸಾಮಾನ್ಯವಾಗಿ ಮೂರ್ನಾಲ್ಕು ವರ್ಷ ಚೆನ್ನಾಗಿ ಹೂ ಕೊಟ್ಟು ಸೋತ್ಹೋಗತ್ತೆ. ಕಾಯಿನೆಲ್ಲ ಪ್ರತಿ ವರ್ಷ ಕತ್ತರಿಸ್ತಾ ಬಂದ್ರೆ ಹಳೇ ಗಿಡ ಹೋದ ವರ್ಷ ಅದರ ಜಾಗಕ್ಕೆ ಒಂದು ಸಸಿನೂ ಇರಲ್ಲ. ಬೀಜ ಬೀಳಕ್ಕೆ ಬಿಟ್ರೇನೇ ಕೊಲಂಬೈನ್ ಒಂದು ತೋಟದಲ್ಲಿ ವರ್ಷಗಟ್ಲೆ ಇರೋದು. ನಿಮ್ಮ ಕಲ್ಲಿನ ಸಂದೀಲಿ ಹುಟ್ಟಿರೋದೇ ನಿಮ್ಮ ಮುಂದಿನ ಗಿಡ

ಮಾವ: ಗೆಡ್ಡೆ ಥರ ಬಿಡಿಸಿ ಬಿಡಿಸಿ ನೆಟ್ರಾಯ್ತಪ್ಪ

ನಾನು: ಮಾವ ಅದಕ್ಕೆ ಆಳಕ್ಕಿಳಿಯೋ ತಾಯಿಬೇರು, ಅಗೆದು ಭಾಗ ಮಾಡಿದ್ರೆ ಬಹಳ ಸಲ ಹಿಡಿಯಲ್ಲ. ಚಿಕ್ಕ ಸಸಿ ಇದ್ದಾಗ ಮಣ್ಣಿನ ಹೆಂಟೆ ಸಮೇತ ಎತ್ತಿ ಇಟ್ರೆ ಪರವಾಗಿಲ್ಲ, ದೊಡ್ಡದಾದ್ಮೇಲೆ ಬೇಡ. ಅಮೆರಿಕದ ಕೊಲೊರಾಡೊದಲ್ಲಿ ನೀಲಿ ಬಿಳಿ ಕೊಲಂಬೈನ್ 1899ರಿಂದ ರಾಜ್ಯದ ಹೂವು, 1925ರಲ್ಲಿ ಸಾರ್ವಜನಿಕ ಜಾಗದಿಂದ ಅದನ್ನ ಅಗೆಯೋ ಹಂಗಿಲ್ಲ ಅಂತ ಕಾನೂನೇ ಮಾಡಿದ್ರು

ಅತ್ತೆ: ಬೀಜ ಬಿಟ್ರೆ ಬೆರಕೆ ಆಗಲ್ವೇನೇ? ನಮ್ಮಲ್ಲಿ ಪಕ್ಕದಲ್ಲೇ ಹಳದೀದು ಕೆಂಪಿಂದು ಎರಡೂ ಇದೆ. ನಂಗೆ ಈ ನೋರಾ ಬಾರ್ಲೋನೇ ಬೇಕು, ಅದರ ಹೆಸರಲ್ಲಿ ಇನ್ಯಾವುದೋ ಬಣ್ಣ ಬಂದ್ರೆ ಏನು ಮಾಡ್ಲಿ

ದೊಡ್ಡಪ್ಪ: ನೋಡು, ಅತ್ತೆ ಕೇಳಿದ್ದಕ್ಕೆ ಉತ್ತರ ಹೇಳು ಈಗ

ನಾನು: ಬೆರಕೆ ಆಗತ್ತೆ, ಖಂಡಿತ. ಕೊಲಂಬೈನ್ ಜಾತಿಗಳು ಒಂದಕ್ಕೊಂದು ಸಲೀಸಾಗಿ ಕೂಡ್ಕೊಳತ್ತೆ. ನೋರಾ ಬಾರ್ಲೋ ಒಂದೇ ಇದ್ರೆ ಅದರ ಬೀಜದಿಂದ ಸುಮಾರಾಗಿ ಅದೇ ಬರತ್ತೆ, ಪಕ್ಕದಲ್ಲಿ ಬೇರೇದಿದ್ರೆ ಹೇಳಕ್ಕಾಗಲ್ಲ. ಅತ್ತೆ ಅದೊಂದನ್ನ ಉಳಿದಿದ್ರಿಂದ ದೂರ, ಮನೆಯ ಇನ್ನೊಂದು ಬದಿಗೆ ಬೆಳೆಸಿ, ಅದರ ಬೀಜ ತೆಗೆದಿಟ್ಟು ಪಾಟಲ್ಲಿ ಬೇರೆ ಹಾಕಿ, ಹೂ ಬಂದಾಗ ನೋಡಿ ಬೇರೆ ಥರ ಇರೋದನ್ನ ತೆಗೆದ್ಬಿಡಿ. ಉಳಿದೋರು ಬೆರಕೆಗೆ ಯಾಕೆ ಹೆದರ್ಬೇಕು, ನಮ್ಮಲ್ಲಿ ಹಂಗೇ ಹುಟ್ಟಿದ ಒಂದಕ್ಕೆ ಹೊರಗಿನ ಎಸಳು ಕಂದು ನೇರಳೆ, ಒಳಗಡೆ ಕೆನೆ ಬಣ್ಣ, ಅಂಥದ್ದು ದುಡ್ಡು ಕೊಟ್ರೂ ಸಿಗಲ್ಲ

ತಮ್ಮ: ನಂದೊಂದು ಡೌಟು, ಹೂವಿನ ಹಿಂದೆ ಉದ್ದ ಕೊಳವೆ ಇರತ್ತಲ್ಲ ಅದರ ತುದೀಲಿ ತೂತಾಗಿದೆ, ಅದೂ ಹುಳಾನಾ

ನಾನು: ಅಲ್ಲ ಕಣೋ ಅದು ದುಂಬಿ ಕೆಲ್ಸ! ಮಕರಂದ ಇರೋದು ಕೊಳವೆ ತುದೀಲಿ. ಉದ್ದ ಕೊಳವೆ ಇರೋ ಹಳದಿ ಜಾತಿಗೆ ಹಾಕ್‌ಮಾತ್ ಪತಂಗ ಬರತ್ತೆ, ಅದರ ನಾಲಿಗೆ ಅಷ್ಟುದ್ದ. ಉತ್ತರ ಅಮೆರಿಕದ ಕೆಂಪು ಹಳದಿ ಜಾತಿಗೆ ಹಮ್ಮಿಂಗ್‌ಬರ್ಡ್ ಬರತ್ತೆ. ನಾಲಿಗೆ ಗಿಡ್ಡ ಇರೋ ದುಂಬಿಗೆ ತಲುಪಲ್ಲ, ಹೊರಗಡೆಯಿಂದ ಕಚ್ಚಿ ತೂತು ಮಾಡಿ ಕುಡ್ಕೊಂಡು ಹೋಗತ್ತೆ. ಔಷಧಿ ಗಿವಷ್ದಿ ಹೊಡೀಬೇಡ ಮತ್ತೆ

ದೊಡ್ಡಪ್ಪ: ಸಸಿ ಯಾವ್ದು ಕಳೆ ಯಾವ್ದು ಅಂತ ಗೊತ್ತಾಗೋದು ಹೆಂಗೆ. ನಮ್ಮಲ್ಲಿ ಕಳೆ ತೆಗೆಯೋವಾಗ ಎಲ್ಲ ಒಟ್ಟಿಗೆ ಹೋಗತ್ತೆ

ನಾನು: ಎಲೆ ಮೂರು ಮೂರು ಭಾಗವಾಗಿ ಅಂಚು ದುಂಡಗೆ, ಸ್ವಲ್ಪ ಬೂದು ಹಸಿರು. ಅನುಮಾನ ಇದ್ರೆ ಎರಡು ಹನಿ ನೀರು ಚಿಮುಕಿಸಿ, ಕೊಲಂಬೈನ್ ಎಲೆ ಒದ್ದೆ ಆಗಲ್ಲ, ಹನಿ ಪಾದರಸದ ಥರ ಮೇಲೇ ಉರುಳಾಡ್ತಾ ನಿಂತಿರತ್ತೆ

ದೊಡ್ಡಪ್ಪ: ಸರಿ ನೋಡ್ತೀನಿ. ಆದ್ರೆ ಪೂರ್ತಿ ಬಿಡಲ್ಲ ಪುಟ್ಟಿ, ದಾರಿ ಪಕ್ಕದ್ದು ಕತ್ತರಿಸೇ ಕತ್ತರಿಸ್ತೀನಿ, ಓಡಾಡಕ್ಕೆ ಜಾಗ ಬೇಕು. ಹಿಂದಗಡೆ ನೆರಳಲ್ಲಿರೋದು ಬಿಡ್ತೀನಿ

ನಾನು: ಅಷ್ಟೇ ಸಾಕು ದೊಡ್ಡಪ್ಪ 🙏 ಆ ಪೋಸ್ಟ್ ಬೇರೆ ಗ್ರೂಪಿಗೂ ಹಾಕಿದ್ರೆ ಮಾತ್ರ ದಯವಿಟ್ಟು ಬಿಳಿ ಗೆರೆ ವಿಷಯ ಅಲ್ಲೂ ಒಂದು ಸಾಲು ಬರೀರಿ, ಯಾರಾದ್ರೂ ಕಿತ್ತು ಹಾಕ್ಬಿಡ್ತಾರೆ

ದೊಡ್ಡಪ್ಪ: ವಾಕಿಂಗ್ ಗ್ರೂಪಿಗೆ ಹಾಕಿದೀನಿ. ನೀನು ಬರ್ದಿದ್ದನ್ನೇ ಅಲ್ಲಿ ಹಾಕ್ತೀನಿ, ಆದ್ರೆ ಬೂಜು ರೋಗದ್ದೂ ಸೇರಿಸ್ತೀನಿ, ಅದನ್ನ ಬಿಡಂಗಿಲ್ಲ

ಅತ್ತೆ: ನನ್ ಗಿಡದಲ್ಲಿ ಕಾಯಿ ಇನ್ನೂ ಹಸಿರಿದೆ, ಯಾವಾಗ ಬಿಡಿಸ್ಲಿ

ನಾನು: ಕಂದು ಬಣ್ಣಕ್ಕೆ ತಿರುಗಿ ತುದಿ ಬಾಯಿ ಬಿಡ್ಲಿ ಅತ್ತೆ, ಅಲ್ಲಾಡಿಸಿದ್ರೆ ಒಳಗೆ ಗಲಗಲ ಅನ್ಬೇಕು. ಆಗ ಕಾಗದದ ಕವರ್ ಹಿಡಿದು ಕಾಂಡ ಅದರೊಳಕ್ಕೆ ಬಗ್ಗಿಸಿ, ಒಂದೇ ಸಲ ಎಲ್ಲ ಸುರಿದ್ಬಿಡತ್ತೆ. ಪ್ಲಾಸ್ಟಿಕ್ ಕವರ್ ಬೇಡ, ಬೂಜು ಹಿಡಿಯತ್ತೆ

ಅಕ್ಕ: ಮತ್ತೆ ಕವರ್ ಮಕ್ಕಳ ಕೈಗೆ ಸಿಗದಂಗೆ ಮೇಲಿಡಿ ಅತ್ತೆ