ರೇವತಿಯಲ್ಲಿ ಮಾಡಿದ ಟ್ಯೂನ್ ಕಾರ್ಡ್ ಹಾಕಿದ ಕೂಡಲೇ ಅಳುವ ಹಾಡಾಗುತ್ತದೆ, ಯಾಕೆ?

ಪೆರ್ಲದ ಪಿಟೀಲು:
ನಮಸ್ಕಾರ. ನನ್ನ ಗೆಳೆಯ ನಮ್ಮ ಕಡೆಯ ಸುರಂಗಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದಾನೆ. ಕಾಸರಗೋಡಿನ ಹೊರಗಿನವರಿಗೆ ಹೇಳುವುದಾದರೆ, ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಳಗಿನ ಒಸರನ್ನು ಪಂಪಿಲ್ಲದೆ ತೋಟಕ್ಕೆ ತರುವ ನೀರಿನ ದಾರಿ ಇದು. ನನಗೆ ಹಿಡಿಸಿದ್ದು ಅಗೆಯುವವನ ಅಧ್ಯಾಯ. ಮೇಣದ ಬತ್ತಿ ಹಚ್ಚಿಟ್ಟು, ನೀರು ಸಿಗುತ್ತದೋ ಇಲ್ಲವೋ ಗೊತ್ತಿಲ್ಲದೆ ಪಿಕ್ಕಾಸು ಹೊಡೆಯುತ್ತಾ ಹೋಗುತ್ತಾನೆ. ಅದರ ಮೇಲೆ ಪಿಟೀಲಿನಲ್ಲಿ ಒಂದು ಟ್ಯೂನ್ ಮಾಡಿದ್ದೇನೆ. ರೇವತಿ ರಾಗ, ಮಿಶ್ರ ಛಾಪು (ಮೂರು-ನಾಲ್ಕಾಗಿ ಒಡೆಯುವ ಏಳರ ತಾಳ), ಬಿಳಿ ಒಂದು ಶ್ರುತಿ, ಅಂದರೆ ಸ ಎಂದರೆ ಕೀಬೋರ್ಡಿನ ಸಿ. ಹಾಡಿಲ್ಲ, ಬರೀ ವಾದ್ಯ.

ಪಿಟೀಲು, ತಂಬೂರಿ ಮಾತ್ರ ಇದ್ದಾಗ ಚೆನ್ನಾಗಿದೆ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಕೀಬೋರ್ಡ್ ಸೇರಿಸಿದರೆ ಅದೇ ಟ್ಯೂನ್ ಹಳೆ ಸಿನಿಮಾದ ಅಳುವ ಹಾಡಿನ ಹಾಗೆ ಕೇಳಿಸುತ್ತದೆ. ಪಿಟೀಲಿನ ಒಂದು ಸ್ವರವೂ ಬದಲಾಗಿಲ್ಲ! ಹಾಕಿದ ಕಾರ್ಡ್, ಅಂದರೆ ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು, ಬಿ ಫ್ಲಾಟ್ ಮೈನರ್. ಬೇರೆ ಯಾವ ಕಾರ್ಡೂ ಹೊಂದುವುದಿಲ್ಲ.

ಇನ್ನೊಂದು ತಲೆನೋವು. ಸುರಂಗದೊಳಗೆ ಹನಿ ಬೀಳುವ ಸದ್ದನ್ನು ಫೋನಿನಲ್ಲಿ ಹಿಡಿದಿದ್ದೇನೆ. ಅದು ತಾಳಕ್ಕೆ ಕೂರುವುದೇ ಇಲ್ಲ.

ಕುಂಬಳೆ ಕೀಬೋರ್ಡ್:
ಸ್ಟ್ರಿಂಗ್ಸ್ ತೆಗೆದು ಪ್ಯಾಡ್ ಹಾಕಿ ನೋಡಿ ಅಣ್ಣ. ರಿವರ್ಬ್ ಸ್ವಲ್ಪ ಜಾಸ್ತಿ ಮಾಡಿ.

ಪೆರ್ಲದ ಪಿಟೀಲು:
ನೋಡಿದೆ. ಈಗ ಅಳು ದೂರದಿಂದ ಕೇಳಿಸುತ್ತದೆ, ಅಷ್ಟೇ.

ಶ್ರುತಿಪೆಟ್ಟಿಗೆ:
ಪ್ಯಾಡಿನಿಂದ ಇದು ಸರಿ ಹೋಗುವುದಿಲ್ಲ ಮಾರಾಯ್ರೆ. ನಿಮ್ಮ ಷಡ್ಜವೇ, ಅಂದರೆ ಆಧಾರದ ಸ, ಜಾರಿದೆ.

ರೇವತಿ ಎಂದರೆ ಸ ರಿ ಮ ಪ ನಿ. ಶುದ್ಧ ರಿಷಭ, ಶುದ್ಧ ಮಧ್ಯಮ, ಕೈಶಿಕಿ ನಿಷಾದ. ಬಿಳಿ ಒಂದರಲ್ಲಿ ಅದು ಸಿ, ಡಿ ಫ್ಲಾಟ್, ಎಫ್, ಜಿ, ಬಿ ಫ್ಲಾಟ್. ಗಾಂಧಾರವೇ ಇಲ್ಲದ್ದರಿಂದ ಸಿ ಮೇಲೆ ಮೇಜರೂ ಆಗುವುದಿಲ್ಲ, ಮೈನರೂ ಆಗುವುದಿಲ್ಲ. ಈ ಐದರಲ್ಲಿ ಸಿಗುವ ಮೈನರ್ ಕಾರ್ಡ್ ಒಂದೇ, ನಿ-ರಿ-ಮ. ನೀವು ಹಾಕಿದ್ದೂ ಅದೇ. ಆದರೆ ಬೇಸ್ (ಅಡಿಯ ತಗ್ಗು ಸ್ವರ) ಸಮೇತ ಅದನ್ನೇ ಬಾರಿಸುತ್ತಾ ಹೋದರೆ ಕಿವಿ ಬಿ ಫ್ಲಾಟನ್ನೇ ಷಡ್ಜ ಎಂದು ಹಿಡಿದುಕೊಳ್ಳುತ್ತದೆ. ಅಲ್ಲಿಂದ ಎಣಿಸಿ ನೋಡಿ: ಸ, ಚತುಃಶ್ರುತಿ ರಿ, ಸಾಧಾರಣ ಗ, ಪ, ಚತುಃಶ್ರುತಿ ದ. ಅದು ಶಿವರಂಜನಿ! ಅಳು ಬರದೆ ಇನ್ನೇನು? ಕಛೇರಿಯಲ್ಲಿ ವಿದ್ವಾಂಸರು ಷಡ್ಜ ಬದಲಿಸಿ ಬೇರೆ ರಾಗ ತೋರಿಸುತ್ತಾರಲ್ಲ, ಗ್ರಹಭೇದ ಅಂತ ಬೇಕೆಂದೇ ಮಾಡುವ ಅದು ನಿಮ್ಮಲ್ಲಿ ತಾನಾಗಿಯೇ ಆಗಿದೆ.

ಬೇಸ್ ಸಿ ಬಿಟ್ಟು ಕದಲಬಾರದು. ಎಡಗೈಯಲ್ಲಿ ಸ-ಪ ಇರಲಿ. ಬಲಗೈಗೆ ಕಾರ್ಡ್ ಬೇಕಾದರೆ ಸ-ಮ-ಪ ಒಟ್ಟಿಗೆ ಹಿಡಿಯಿರಿ, ಸಸ್ ಫೋರ್ ಅನ್ನುತ್ತಾರಲ್ಲ, ಅದು. ನಿ-ರಿ-ಮ ಬೇಕೇ ಬೇಕು ಎಂದಾದರೆ ಕೆಳಗೆ ಸಿ ಗಟ್ಟಿಯಾಗಿದ್ದಾಗ ಮೇಲೆ ಮುಟ್ಟಿ ಬಿಡಿ. ನನ್ನನ್ನು ಕೇಳಿದರೆ ಈ ರಾಗಕ್ಕೆ ಕಾರ್ಡೇ ಜಾಸ್ತಿ ಆಯಿತು.

ಮದ್ದಳೆ ಮಾವ:
ಹನಿಯನ್ನು ತಾಳಕ್ಕೆ ಕೂರಿಸುವ ಹಠ ಯಾಕೆ? ಎಳೆದು ಸರಿಮಾಡಿದರೆ ಅದು ನೀರಿನ ಸದ್ದಾಗಿ ಉಳಿಯುವುದಿಲ್ಲ. ತಾಳ ಹೊರುವುದಕ್ಕೆ ಪಿಕ್ಕಾಸಿನ ಸದ್ದು ಇದೆಯಲ್ಲ. ಅದನ್ನು ಮೂರು-ನಾಲ್ಕರ ಪೆಟ್ಟಿಗೆ ಹಾಕಿ. ಹನಿ ತನ್ನ ಪಾಡಿಗೆ ಬೀಳಲಿ.

ಆದರೆ ಹನಿಗೂ ಒಂದು ಸ್ವರ ಇರುತ್ತದೆ. ಹನಿ ಬಿದ್ದಾಗ ನೀರಿನ ಅಡಿಯಲ್ಲಿ ಸಿಕ್ಕಿಕೊಳ್ಳುವ ಗಾಳಿಗುಳ್ಳೆ ನಡುಗುವುದರಿಂದ ಆ ಟುಳುಕ್ ಹುಟ್ಟುವುದು. ಟ್ಯೂನರ್ ಹಾಕಿ ನೋಡಿ. ಬಿ ಹತ್ತಿರ ಇದ್ದರೆ ಅದು ಕಾಕಲಿ ನಿಷಾದ, ನಿಮ್ಮ ನಿ ಜೊತೆ ಜಗಳ ಖಂಡಿತ. ರೀಪರ್‌ನಲ್ಲಿ ಎಫ್2 ಕೀ ಒತ್ತಿ, ಐಟಂ ಪ್ರಾಪರ್ಟೀಸ್‌ನಲ್ಲಿ ಪಿಚ್ ಅರ್ಧ ಸ್ವರ ಮೇಲೆ ತಂದು ಸಿ ಮಾಡಿ. ಫೋನಿನ ಗುಂಯ್ ಸದ್ದು ಇದ್ದರೆ ಈಕ್ಯುನಲ್ಲಿ 200 ಹರ್ಟ್ಜ್ ಕೆಳಗಿನದ್ದನ್ನು ಕತ್ತರಿಸಿ. ಹನಿಗೆ ಅದು ಬೇಕಾಗಿಲ್ಲ.

ಕುಂಬಳೆ ಕೀಬೋರ್ಡ್:
ಒಂದು ವಿಷಯ ಅಣ್ಣ. ಮುಂದೆ ಪುಸ್ತಕದ ಸಾಲುಗಳನ್ನು ಹಾಡಿಸುವ ಯೋಚನೆ ಬಂದರೆ ಗೆಳೆಯನ ಒಪ್ಪಿಗೆ ಬರಹದಲ್ಲೇ ಇರಲಿ. ಹಕ್ಕು ಪ್ರಕಾಶಕರಿಗೆ ಕೊಟ್ಟಿದ್ದರೆ ಅವರನ್ನೂ ಕೇಳಬೇಕು. ಈಗ ಬರೀ ವಾದ್ಯ, ಆ ಗೋಜಿಲ್ಲ.

ಪೆರ್ಲದ ಪಿಟೀಲು:
ಶ್ರುತಿಪೆಟ್ಟಿಗೆಯವರೇ, ಬೇಸನ್ನು ಸಿಗೆ ಕಟ್ಟಿಹಾಕಿದೆ. ಅಳು ನಿಂತಿತು! ಮಾವ, ಹನಿ ಬಿ ಹತ್ತಿರವೇ ಇತ್ತು. ಮೇಲೆ ಎತ್ತಿದ್ದೇನೆ.

ಗೆಳೆಯನಿಗೆ ಅಳುವ ಹಳೆಯದು, ಈಗಿನದು ಎರಡೂ ಕೇಳಿಸಿದೆ. ಅವನದ್ದು ಬೇರೆಯೇ ರಾಗ. ಅಧ್ಯಾಯದ ನಡುವೆ ನೀರು ಸಿಗದೆ ಒಂದು ಸುರಂಗವನ್ನು ಅರ್ಧಕ್ಕೇ ಬಿಟ್ಟು ಬರುತ್ತಾರೆ. ಅಲ್ಲಿ ಮಾತ್ರ ಆ ಅಳು ಬೇಕಂತೆ. ಹಾಕಬಹುದು. ಆದರೆ ಶಿವರಂಜನಿಗೆ ಹೋದ ಮೇಲೆ ರೇವತಿಗೆ ವಾಪಸ್ ಬರುವುದು ಹೇಗೆ?

ಶ್ರುತಿಪೆಟ್ಟಿಗೆ:
ನಿಮ್ಮ ಗೆಳೆಯನಿಗೆ ಕಿವಿ ಇದೆ. ಆ ಭಾಗ ಶುರುವಾಗುವಾಗ ತಂಬೂರಿ ನಿಲ್ಲಿಸಿ, ಬೇಸ್ ಬಿ ಫ್ಲಾಟ್‌ಗೆ ಹೋಗಲಿ. ಮುಗಿಯುವಾಗ ಬೇಸ್, ಕಾರ್ಡ್ ಎರಡೂ ತೆಗೆಯಿರಿ. ಒಂದೆರಡು ಆವರ್ತ ಪಿಕ್ಕಾಸು ಮಾತ್ರ ಇರಲಿ, ಕಿವಿ ಬಿ ಫ್ಲಾಟಿನ ಷಡ್ಜ ಮರೆಯಬೇಕು. ಆಮೇಲೆ ಪಿಟೀಲು ಒಂಟಿಯಾಗಿ ಪ ಮ ರಿ ಸ ಇಳಿಯಲಿ. ಸ ಮುಟ್ಟಿದ ಪೆಟ್ಟಿಗೇ ತಂಬೂರಿ ಬರಲಿ, ಫೇಡ್ ಮಾಡಬೇಡಿ. ಮಾಡಿದ ಮೇಲೆ ಇಲ್ಲಿ ಹಾಕಿ, ಕೇಳುವ.