6–7ನೇ ತರಗತಿಗೆ ಓರಿಯಂಟಿಯರಿಂಗ್: ಕೆಲವರು ಕುಣಿತಾರೆ, ಕೆಲವರು ಹೆದರ್ತಾರೆ

ಬೆಳ್ಳಾವಿ_ಟೀಚರ್
ತುಮಕೂರು ತಾಲ್ಲೂಕಿನ ಶಾಲೆ, 6 ಮತ್ತು 7ನೇ ತರಗತಿ ಸೇರಿ ಸುಮಾರು 40 ಮಕ್ಕಳು. ನಕ್ಷೆ ನೋಡಿಕೊಂಡು ಬಾವುಟ ಹುಡುಕಿ ಬರುವ ಆಟ ಅಂದ ಕೂಡಲೇ ಕೆಲವರು "ನಿಧಿ ಹುಡುಕೋದಾ ಮಿಸ್?" ಅಂತ ಕುಣಿದರು. ಕೆಲವರು "ರನ್ನಿಂಗ್ ರೇಸು, ನನ್ ಕೈಲಾಗಲ್ಲ" ಅಂತ ಹಿಂದೆ ಸರಿದರು. ಉಳಿದವರಿಗೆ ದಾರಿ ತಪ್ಪುವ ಭಯ. ಮೊದಲು ಶಾಲೆ ಆವರಣದಲ್ಲಿ, ಆಮೇಲೆ ದೇವರಾಯನದುರ್ಗದ ಕಡೆ ಮಾಡಿಸುವ ಯೋಚನೆ ಇದೆ. ಎಷ್ಟು ಕಂಪಾಸ್ (ದಿಕ್ಸೂಚಿ) ತರಿಸಬೇಕು? ಮಕ್ಕಳಿಗೆ ನಿಜವಾಗಿ ಹಿಡಿಸಿದೆಯಾ ಅಂತ ತಿಳಿಯೋದು ಹೇಗೆ?

ಮಧುಗಿರಿ_ಪಿಟಿ_ಮೇಷ್ಟ್ರು
ಮೇಡಂ, ಸದ್ಯಕ್ಕೆ ಕಂಪಾಸ್ ಬೇಡವೇ ಬೇಡ. ಕೈಗೆ ಕೊಟ್ಟರೆ ಮಕ್ಕಳ ಕಣ್ಣು ಮುಳ್ಳಿನ ಮೇಲೇ ಇರುತ್ತೆ, ಸುತ್ತಲಿನ ಜಾಗ ನೋಡಲ್ಲ. ಆವರಣದಲ್ಲಿ ಕಟ್ಟಡ, ನೀರಿನ ಟ್ಯಾಂಕ್, ಧ್ವಜಕಟ್ಟೆ ಇದ್ದರೆ ಸಾಕು.

ಮೂರು ಅಭ್ಯಾಸ ಮೊದಲು ಕಲಿಸಿ. ಒಂದು, ನಕ್ಷೆಯನ್ನು ನೆಲಕ್ಕೆ ತಕ್ಕಂತೆ ತಿರುಗಿಸೋದು. ಅಕ್ಷರ ಓದೋಕೆ ಬರಬೇಕು ಅಂತ ಮಕ್ಕಳು ಪುಸ್ತಕದ ಹಾಗೆ ನೇರವಾಗಿ ಹಿಡೀತಾರೆ, ಎಡಬಲ ಅದಲುಬದಲಾಗೋದು ಅಲ್ಲೇ. ಅದಕ್ಕೇ ನಕ್ಷೆಯಲ್ಲಿ ಅಕ್ಷರ ಆದಷ್ಟು ಕಡಿಮೆ ಇರಲಿ. ಎರಡು, ನಿಂತ ಜಾಗದ ಮೇಲೆ ಹೆಬ್ಬೆರಳು ಇಟ್ಟು, ನಡೆದ ಹಾಗೆ ಬೆರಳನ್ನೂ ಸರಿಸೋದು. ಮೂರು, ಹೆಜ್ಜೆ ಎತ್ತುವ ಮೊದಲು "ಈಗ ನನಗೆ ಏನು ಕಾಣಬೇಕು?" ಅಂತ ಹೇಳಿಕೊಳ್ಳೋದು.

ಭಯಕ್ಕೆ ಮದ್ದು ಅಂದರೆ ನಕ್ಷತ್ರದಾಟ. ಧ್ವಜಕಟ್ಟೆ ನಡುವೆ, ಸುತ್ತ 60–80 ಮೀಟರ್ ಒಳಗೆ 10 ಕಂಟ್ರೋಲ್, ಅಂದರೆ ಬಾವುಟ ಇಟ್ಟ ಜಾಗ. ಮಗು ಒಂದನ್ನು ಹುಡುಕಿ, ವಾಪಸ್ ಬಂದು ಚೀಟಿ ತೋರಿಸಿ, ಆಮೇಲೆ ಮುಂದಿನದಕ್ಕೆ ಹೊರಡಬೇಕು. ಎರಡು ಮೂರು ನಿಮಿಷಕ್ಕೊಮ್ಮೆ ಪ್ರತಿಯೊಬ್ಬರೂ ನಿಮ್ಮ ಕಣ್ಣಿಗೆ ಬೀಳ್ತಾರೆ, ತಪ್ಪಿದ್ದನ್ನು ಅಲ್ಲೇ ತಿದ್ದಬಹುದು. ಒಬ್ಬೊಬ್ಬರ ಸರದಿ ಒಂದೊಂದು ಥರ ಇದ್ದರೆ ಮುಂದೆ ಹೋದವರ ಬೆನ್ನು ಹತ್ತೋದೂ ನಿಲ್ಲುತ್ತೆ.

ಜೋಡಿಯಾಗಿ ಕಳಿಸೋದಾದರೆ ಇಬ್ಬರಿಗೂ ಒಂದೊಂದು ನಕ್ಷೆ ಕೊಡಿ. ಒಂದೇ ಕೊಟ್ಟರೆ ಚುರುಕಿನ ಮಗು ಓದುತ್ತೆ, ಇನ್ನೊಂದು ಬರೀ ಹಿಂದೆ ಓಡುತ್ತೆ. "ಇದು ರೇಸು, ನನಗಲ್ಲ" ಅನ್ನೋ ಅಭಿಪ್ರಾಯ ಹುಟ್ಟೋದು ಹೆಚ್ಚಾಗಿ ಆ ಎರಡನೇ ಮಗುವಿಗೆ. ತಮಾಷೆ ಅಂದರೆ, 1919ರಲ್ಲಿ ಸ್ವೀಡನ್ನಿನ ಸ್ಕೌಟ್ ನಾಯಕ ಅರ್ನ್ಸ್ಟ್ ಕಿಲಾಂಡರ್ ಈ ಆಟವನ್ನು ಬೆಳೆಸಿದ್ದೇ ಓಟದಲ್ಲಿ ಆಸಕ್ತಿ ಕಳಕೊಂಡ ಹುಡುಗರಿಗೋಸ್ಕರ. ಮೊದಲ ಕೆಲವು ಸಲ ಸಮಯ ಬರೆಯಬೇಡಿ, ಸರಿಯಾದ ಕಂಟ್ರೋಲ್ ಮಾತ್ರ ಎಣಿಸಿ.

ಚಿಂತಾಮಣಿ_ನಕ್ಷೆ
ನಕ್ಷೆ ಬಗ್ಗೆ ಸ್ವಲ್ಪ. ಸರ್ವೆ ಆಫ್ ಇಂಡಿಯಾದ 1:50,000 ಶೀಟು ಇದಕ್ಕೆ ಬರಲ್ಲ, ಅದರಲ್ಲಿ ನಿಮ್ಮ ಶಾಲೆ ಚುಕ್ಕೆಯಷ್ಟು. 1:1,000 ಇಟ್ಟುಕೊಳ್ಳಿ, 1 ಸೆಂ.ಮೀ. ಅಂದರೆ 10 ಮೀಟರ್. ಎ4 ಹಾಳೆಯಲ್ಲಿ ಸುಮಾರು 200×280 ಮೀಟರ್ ಜಾಗ ಹಿಡಿಯುತ್ತೆ. ಉಪಗ್ರಹ ಚಿತ್ರದ ಮೇಲೆ ಓಪನ್ ಓರಿಯಂಟಿಯರಿಂಗ್ ಮ್ಯಾಪರ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಗೀಚಬಹುದು. ಆಮೇಲೆ ಒಂದು ಸುತ್ತು ನಡೆದು ನೋಡಲೇಬೇಕು. ಮರದ ನೆರಳಿನಡಿ ಇರುವ ಕಾಂಪೌಂಡ್, ಹೊಸ ಶೌಚಾಲಯ ಇವೆಲ್ಲ ಚಿತ್ರದಲ್ಲಿ ತಪ್ಪಿಹೋಗಿರುತ್ತೆ.

ಕಪ್ಪು ಬಿಳುಪು ಜೆರಾಕ್ಸ್ ಮಾಡಿಸಬೇಡಿ, ಹಳದಿಯೂ ಹಸಿರೂ ಒಂದೇ ಬೂದಿ ಬಣ್ಣಕ್ಕೆ ತಿರುಗುತ್ತೆ. ಬಣ್ಣದಲ್ಲೂ ಒಂದು ತೊಡಕಿದೆ. ಈ ನಕ್ಷೆಗಳಲ್ಲಿ ಹಳದಿ ಅಂದರೆ ಬಯಲು, ಬಿಳಿ ಅಂದರೆ ಸಲೀಸಾಗಿ ಓಡಬಹುದಾದ ಕಾಡು, ಹಸಿರು ಗಾಢವಾದಷ್ಟೂ ನುಗ್ಗಲು ಕಷ್ಟದ ಪೊದೆ. ಮಕ್ಕಳು ಬಿಳಿಯನ್ನು ಖಾಲಿ ಜಾಗ ಅಂದುಕೊಳ್ತಾರೆ. ನೆಲದ ಎತ್ತರ ತೋರಿಸುವ ಕಂದು ಗೆರೆಗಳನ್ನು ಕಾಲುದಾರಿ ಅಂದುಕೊಂಡು ನೆಲದಲ್ಲಿ ಹುಡುಕೋದೂ ಸಾಮಾನ್ಯ. ಆವರಣದ ನಕ್ಷೆಗೆ ಆ ಗೆರೆ ಬೇಕಿಲ್ಲ, ಬಿಟ್ಟುಬಿಡಿ.

ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರು ನೀಲಗಿರಿ ತೋಪು ಸಿಗುತ್ತಲ್ಲ ಅಂತ ಅಲ್ಲಿಗೆ ಹೋಗ್ತಾರೆ. ಓಡೋಕೆ ಸುಖ, ಓದೋಕೆ ಏನೂ ಇಲ್ಲ: ಎತ್ತ ನೋಡಿದರೂ ಅದೇ ಸಾಲು. ಮೊದಲ ಸಲದ ಮಕ್ಕಳು ಅಲ್ಲಿ ಎರಡೇ ನಿಮಿಷಕ್ಕೆ ಕಂಗಾಲು. ಬಂಡೆ, ಕಟ್ಟೆ, ಬೇಲಿ, ದಾರಿ ಕೂಡುವ ಜಾಗ ಇರುವ ಕಡೆಯೇ ಒಳ್ಳೇದು.

ಮಾಲೂರು_ಗೈಡ್ಸ್
ನಿಧಿ ಹುಡುಕಾಟದ ಆಸೆ ತೋರಿಸೋದು ನನಗೆ ಸರಿ ಕಾಣಲ್ಲ. ಪ್ರತಿ ಕಂಟ್ರೋಲಿನಲ್ಲಿ ಒಂದು ಅಕ್ಷರ ಇಟ್ಟು ಕೊನೆಗೆ ಪದ ಮಾಡಿಸ್ತಾರಲ್ಲ, ನಾಲ್ಕು ಅಕ್ಷರ ಸಿಕ್ಕ ಕೂಡಲೇ ಮಕ್ಕಳು ಪದ ಊಹಿಸಿ ಉಳಿದದ್ದಕ್ಕೆ ಹೋಗೋದೇ ಇಲ್ಲ. ಬಾವುಟ ಅಡಗಿಸಿಡೋದೂ ತಪ್ಪು. ಸರಿಯಾದ ಜಾಗಕ್ಕೆ ಬಂದ ಮಗುವಿಗೆ ಅದು ಕಾಣಲೇಬೇಕು. ಇಲ್ಲದಿದ್ದರೆ ನಕ್ಷೆ ಸರಿಯಾಗಿ ಓದಿಯೂ ಸೋತ ಹಾಗೆ ಆಗುತ್ತೆ, ಆಮೇಲೆ ಅದು ನಕ್ಷೆಯನ್ನೇ ನಂಬಲ್ಲ.

ಬಾವುಟಕ್ಕೆ 30×30 ಸೆಂ.ಮೀ. ಬಟ್ಟೆ, ಕರ್ಣದಲ್ಲಿ ಅರ್ಧ ಬಿಳಿ, ಅರ್ಧ ಕಿತ್ತಳೆ. ಬಂದ ಗುರುತಿಗೆ ಚೀಟಿಯಲ್ಲಿ ತೂತು ಹಾಕುವ ಪಂಚಿಂಗ್ ಬದಲು ಒಂದೊಂದು ಕಡೆ ಒಂದೊಂದು ಬಣ್ಣದ ಕ್ರೆಯಾನ್ ದಾರದಲ್ಲಿ ಕಟ್ಟಿ. ಕಂಟ್ರೋಲಿಗೆ 31ರಿಂದ ಮೇಲಿನ ಸಂಖ್ಯೆ ಬರೆದರೆ ಸರದಿಯ "3ನೇ ಕಂಟ್ರೋಲ್" ಜೊತೆ ಗೊಂದಲ ಆಗಲ್ಲ. 66, 68, 86, 89, 98, 99 ಬಿಡಿ, ತಲೆಕೆಳಗಾದರೆ ಬೇರೆ ಸಂಖ್ಯೆಯಾಗಿ ಓದಿಸುತ್ತವೆ.

ಹಿಡಿಸಿತಾ ಅಂತ ಬಾಯಲ್ಲಿ ಕೇಳಿದರೆ ಎಲ್ಲರೂ "ಸೂಪರ್ ಮಿಸ್" ಅಂತಾರೆ. ಬಂದ ಕೂಡಲೇ ಅದೇ ನಕ್ಷೆಯ ಮೇಲೆ ತಾವು ಹೋದ ದಾರಿ ಪೆನ್ಸಿಲ್‌ನಲ್ಲಿ ಎಳೆಯಲು ಹೇಳಿ. ಖುಷಿಯಾದ ಕಡೆ ಹಸಿರು ಚುಕ್ಕೆ, ಗಾಬರಿಯಾದ ಕಡೆ ಕೆಂಪು. ಕೆಂಪು ಚುಕ್ಕೆ ಹಲವರದ್ದು ಒಂದೇ ಜಾಗದಲ್ಲಿ ಬಿದ್ದರೆ ತಪ್ಪು ನೀವು ಹಾಕಿದ ಹಾದಿಯದ್ದು, ಮಕ್ಕಳದ್ದಲ್ಲ. ದಾರಿ ಎಳೆಯೋಕೇ ಬರದವರು ಯಾರದೋ ಹಿಂದೆ ಓಡಿದವರು.

ಬೆಳ್ಳಾವಿ_ಟೀಚರ್
ತುಂಬಾ ಉಪಯೋಗ ಆಯ್ತು. ಹಾಗಾದರೆ ದೇವರಾಯನದುರ್ಗ? ಕಂಪಾಸ್ ಯಾವಾಗ?

ಮಧುಗಿರಿ_ಪಿಟಿ_ಮೇಷ್ಟ್ರು
ಈ ವರ್ಷ ಬೇಡ ಮೇಡಂ. ಅದು ಅರಣ್ಯ ಇಲಾಖೆಯ ಕಾಡು, ಅನುಮತಿ ಬೇಕು, ಚಿರತೆ ಕರಡಿ ಓಡಾಡೋ ಜಾಗ. ಮಕ್ಕಳನ್ನು ಒಂಟಿಯಾಗಿ ಬಿಡೋ ಆಟಕ್ಕೆ ಅಲ್ಲ. ಕಾಂಪೌಂಡ್ ಇರುವ ದೊಡ್ಡ ಕಾಲೇಜು ಆವರಣ ಕೇಳಿ ನೋಡಿ, 1–1.5 ಕಿ.ಮೀ., 6–8 ಕಂಟ್ರೋಲ್, ಬೆಳಿಗ್ಗೆ 9:30ರೊಳಗೆ ಮುಗಿಯಬೇಕು. ಇಬ್ಬರ ನಡುವೆ 2 ನಿಮಿಷ ಅಂತರ. ಎಲ್ಲರ ಕೊರಳಲ್ಲೂ ಸೀಟಿ. ಮುಗಿಯಲಿ ಬಿಡಲಿ, 45 ನಿಮಿಷಕ್ಕೆ ವಾಪಸ್ ಬಂದು ಹೆಸರು ಹೇಳಲೇಬೇಕು. ಹೊರಟವರ ಪಟ್ಟಿ, ಬಂದವರ ಪಟ್ಟಿ ಒಬ್ಬರ ಕೈಯಲ್ಲೇ ಇರಲಿ.

ಚಿಂತಾಮಣಿ_ನಕ್ಷೆ
ಹೊಲದ ಬದಿ ಜಾಗ ಆದರೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದೆಯಾ ಮೊದಲು ನೋಡಿ. ಜಾರಿ ಬಿದ್ದರೆ ದೊಡ್ಡವರಿಗೂ ಹತ್ತೋಕಾಗಲ್ಲ. ನಕ್ಷೆಯಲ್ಲಿ ನಿಷೇಧ ಅಂತ ಗುರುತು ಮಾಡಿದರೆ ಸಾಲದು, ಅತ್ತ ಹೋಗುವ ಹಾದಿಯನ್ನೇ ಹಾಕಬೇಡಿ. ಹಳೇ ಕ್ವಾರಿಗೂ ಇದೇ ಮಾತು.

ಕಂಪಾಸ್ ಮುಂದಿನ ವರ್ಷಕ್ಕೆ, ಇಬ್ಬರಿಗೊಂದು. ಯೂರೋಪಿಗೆ ಅಂತ ತೂಕ ಹೊಂದಿಸಿದ್ದನ್ನು ತಂದರೆ ನಮ್ಮಲ್ಲಿ ಮುಳ್ಳಿನ ದಕ್ಷಿಣದ ತುದಿ ಕೆಳಗೆ ಬಾಗಿ ತಳಕ್ಕೆ ಉಜ್ಜುತ್ತೆ. ಅಂಗಡಿಯಲ್ಲೇ ಮರದ ಮೇಜಿನ ಮೇಲಿಟ್ಟು, ಮೊಬೈಲ್ ದೂರ ಸರಿಸಿ, ಮುಳ್ಳು ಸರಾಗ ತಿರುಗುತ್ತಾ ನೋಡಿಯೇ ತಗೊಳ್ಳಿ.