"ಇನ್ಶೂರೆನ್ಸ್ ಮುಗಿದಿದೆ" ಅಂದರೆ ಆಗಿದೆಯೋ, ಹೋಗಿದೆಯೋ?

ಎಲ್ಲರಿಗೂ ನಮಸ್ಕಾರ. ನನಗೊಂದು ಪದ ಬೇಕು. ಅಚ್ಚು ಹಾಕಿಸಬೇಕಾದ ಒಂದು ಫಾರಂಗೆ.

ನಾನು ಹಾಸನದಲ್ಲಿ ಕಟ್ಟಡದ ಕಾಂಟ್ರಾಕ್ಟರ್. ಮನೆ, ಕಾಫಿ ಗೋಡೌನ್, ಸಕಲೇಶಪುರದ ಕಡೆ ಒಂದೆರಡು ಹೋಂಸ್ಟೇ ಕಟ್ಟಿದ್ದೇನೆ. ಸೆಂಟ್ರಿಂಗ್, ಬಾರ್ ಬೆಂಡಿಂಗ್, ವೈರಿಂಗ್ ಎಲ್ಲ ಬೇರೆ ಬೇರೆ ಮೇಸ್ತ್ರಿಗಳಿಗೆ ವಹಿಸುತ್ತೇನೆ. ಅವರವರ ಆಳುಗಳಿಗೆ ಅವರವರೇ ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಷನ್) ಪಾಲಿಸಿ ಮಾಡಿಸಿ ಜೆರಾಕ್ಸ್ ನನಗೆ ಕೊಡಬೇಕು ಅನ್ನುವುದು ಕರಾರು. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ವಿಮೆ ಅದು. 2025ರವರೆಗೆ ಅದಕ್ಕೆ ಆಧಾರವಾಗಿದ್ದ ಕಾಯಿದೆ 1923ರದ್ದು. 2009ರ ತಿದ್ದುಪಡಿಯಲ್ಲಿ ಅದರ ಹೆಸರಿನಿಂದ 'ವರ್ಕ್‌ಮೆನ್' ಹೋಗಿ 'ಎಂಪ್ಲಾಯೀಸ್' ಬಂತು. ನಮ್ಮ ಬಾಯಲ್ಲಿ ಮಾತ್ರ ಡಬ್ಲ್ಯೂಸಿ ಅಂತಲೇ ಉಳಿದಿದೆ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಆಫೀಸಿನಲ್ಲಿ ಲೆಕ್ಕ ಬರೆಯುವ ಹುಡುಗಿ ಸೆಂಟ್ರಿಂಗ್ ಮೇಸ್ತ್ರಿಗೆ ಫೋನ್ ಮಾಡಿ "ಅಣ್ಣಾ, ನಿಮ್ ಇನ್ಶೂರೆನ್ಸ್ ಏನಾಯ್ತು?" ಅಂದಳು. "ಅದು ಮುಗ್ದೈತೆ ಕಣಮ್ಮ" ಅಂದ. ಅವಳು ರಿಜಿಸ್ಟರಿನಲ್ಲಿ ಅವನ ಹೆಸರಿನ ಎದುರು ಹಸಿರು ಪೆನ್ನಲ್ಲಿ ರೈಟ್ ಹಾಕಿದಳು. ಹನ್ನೊಂದು ದಿನಕ್ಕೆ ಆಲೂರಿನ ಹತ್ತಿರದ ಸೈಟಿನಲ್ಲಿ ಸಾರ್ವೆ ಮೇಲಿಂದ ಒಬ್ಬ ಹುಡುಗ ಬಿದ್ದು ತೊಡೆಯ ಮೂಳೆ ಮುರಿಯಿತು. ಪಾಲಿಸಿ ತೆಗೆಸಿ ನೋಡಿದರೆ ಕೊನೆಯ ತಾರೀಖು ಕಳೆದು ತಿಂಗಳಾಗಿತ್ತು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಮುಗಿದಿದೆ, ಮತ್ತೆ ಮಾಡಿಸಬೇಕು ಅನ್ನುವುದು ಅವನ ಮಾತು. ಮಾಡಿಸಿ ಮುಗಿದಿದೆ ಅಂತ ಇವಳು ತಿಳಿದಳು.

ಮೇಸ್ತ್ರಿಯ ಆಳಿಗೂ ಪರಿಹಾರದ ಹೊಣೆ ಕೆಲಸ ವಹಿಸಿದವನದೇ ಅನ್ನುತ್ತಿತ್ತು ಆ ಕಾಯಿದೆಯ 12ನೇ ಕಲಂ. ಕೊಟ್ಟ ಮೇಲೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಬಹುದಿತ್ತು. ನಾನು ಕೊಟ್ಟೆ, ವಸೂಲಿಗೆ ಹೋಗಲಿಲ್ಲ. ಆದರೆ ದುಡ್ಡು ಹೊಂದಿಸಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟು ದಿನ ಆ ಹುಡುಗನ ಮನೆ ಸಾಲದಲ್ಲಿ ನಡೆಯಿತು. ಅದು ನನಗೆ ಇವತ್ತಿಗೂ ನೋವು.

ಆಮೇಲೆ ಈ 'ಮುಗಿ' ಬಗ್ಗೆ ಬಹಳ ಯೋಚಿಸಿದ್ದೇನೆ. ಮದುವೆ ಮುಗಿಯಿತು, ಕೊಯ್ಲು ಮುಗಿಯಿತು ಅಂದರೆ ನಿರಾಳ. ಹಾಲು ಮುಗಿಯಿತು, ಗ್ಯಾಸ್ ಮುಗಿಯಿತು ಅಂದರೆ ಅಂಗಡಿಗೆ ಓಡಬೇಕು. ಮಾಡುವ ಕೆಲಸ ಮುಗಿದರೆ ಪೂರ್ತಿ, ಬಳಸುವ ವಸ್ತು ಮುಗಿದರೆ ಖಾಲಿ. ಇನ್ಶೂರೆನ್ಸ್ ಮಾಡಿಸುವ ಕೆಲಸವೂ ಹೌದು, ವರ್ಷವೆಲ್ಲ ಕೈಲಿರಬೇಕಾದ ವಸ್ತುವೂ ಹೌದು. ಗೊಂದಲ ಹುಟ್ಟುವುದು ಇಲ್ಲೇ ಅಲ್ವಾ? 'ಹೋಗು' ಸೇರಿಸಿ 'ಮುಗಿದುಹೋಗಿದೆ' ಅಂದರೆ ಸರಿಹೋಗುತ್ತದೆ ಅಂದುಕೊಂಡೆ. ಆದರೆ ಮದುವೆಯೂ ಮುಗಿದುಹೋಗುತ್ತದೆ. 'ಕಟ್ಟಾಗಿದೆ' ಇನ್ನೂ ಅಪಾಯ. ದುಡ್ಡು ಕಟ್ಟಿ ಆಗಿದೆ ಅಂತಲೂ ಕೇಳಿಸುತ್ತದೆ, ಕಟ್ ಆಗಿದೆ ಅಂತಲೂ ಕೇಳಿಸುತ್ತದೆ.

'ಅವಧಿ ಮುಗಿದಿದೆ' ಕಾಗದದ ಮೇಲೆ ಸರಿ. ಫೋನಿನಲ್ಲಿ ಯಾರೂ 'ಅವಧಿ' ಅನ್ನುವುದಿಲ್ಲ, ಮತ್ತೆ ಬರೀ 'ಮುಗಿದಿದೆ' ಉಳಿಯುತ್ತದೆ. 'ವಾಯಿದೆ' ನನಗೆ ಇಷ್ಟವಾದ ಪದ. ಆದರೆ ನಮ್ಮ ಕಡೆ ಕೋರ್ಟಿನಲ್ಲಿ ಕೇಸು ಮುಂದೆ ಹೋದರೆ ವಾಯಿದೆ ಕೊಟ್ಟರು ಅನ್ನುತ್ತಾರೆ. 'ವಾಯಿದೆ ಆಗಿದೆ' ಅಂತ ಬರೆದರೆ ಇನ್ನೂ ಸಮಯ ಸಿಕ್ಕಿದೆ ಅಂದುಕೊಂಡಾರು. ರಾಯಚೂರಿನ ಕಡೆಯ ಒಬ್ಬ ಮೇಸ್ತ್ರಿ 'ಮುದ್ದತು' ಅನ್ನುತ್ತಾನೆ. ಬ್ಯಾಂಕಿನ ಮುದ್ದತಿ ಠೇವಣಿ ಗೊತ್ತಿದ್ದರೂ ಹಾಸನದವರ ಬಾಯಿಗೆ ಅದು ಬರುವುದಿಲ್ಲ.

ಸದ್ಯಕ್ಕೆ ರಿಜಿಸ್ಟರಿನಲ್ಲಿ 'ಚಾಲ್ತಿ ಇದೆ', 'ಚಾಲ್ತಿ ಇಲ್ಲ' ಅಂತ ಬರೆಸುತ್ತಿದ್ದೇನೆ. ಪಕ್ಕದಲ್ಲಿ ಕೊನೆಯ ತಾರೀಖು. ಚಾಲ್ತಿ ಖಾತೆ, ಚಾಲ್ತಿ ಸಾಲು ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಎಡವುವುದಿಲ್ಲ. ಆದರೆ ಮೊದಲು ಇತ್ತು, ಈಗ ಹೋಗಿದೆ ಅನ್ನುವುದು 'ಚಾಲ್ತಿ ಇಲ್ಲ'ದಲ್ಲಿ ಬರುವುದಿಲ್ಲ. ಪಾಲಿಸಿಯನ್ನೇ ಮಾಡಿಸದವನಿಗೂ, ಹೋದ ವಾರದವರೆಗೆ ಇದ್ದವನಿಗೂ ಒಂದೇ ಮಾತಾಯಿತು. ಮೊದಲನೆಯವನನ್ನು ಸೈಟಿಗೇ ಬಿಡಬಾರದು. ಎರಡನೆಯವನಿಗೆ ಅವತ್ತೇ ರಿನೀವಲ್ ಮಾಡಿಸಬೇಕು.

ಇದರ ಜೊತೆಗೆ ಇನ್ನೊಂದು. ಕರಾರಿನಲ್ಲಿ ಈ ಮೇಸ್ತ್ರಿಗಳನ್ನು 'ಉಪಗುತ್ತಿಗೆದಾರ' ಅಂತ ಬರೆದರೆ ಅವರಿಗೆ ಅದು ತಾವೇ ಅಂತ ಅನಿಸುವುದಿಲ್ಲ. 'ಒಳಗುತ್ತಿಗೆ' ಸುಲಭ, ಆದರೆ ಒಳಒಪ್ಪಂದದ ಹಾಗೆ ಗುಟ್ಟಿನ ವಾಸನೆ ಬರುತ್ತದೆ. ನನಗೇನೋ 'ಕೆಲಸ ಹಿಡಿದ ಮೇಸ್ತ್ರಿ' ಸಾಕು ಅನಿಸುತ್ತದೆ. ವಕೀಲರು ಒಪ್ಪುತ್ತಿಲ್ಲ.

ಕಂತು ನಿಂತು ಹೋದ ಎಲ್‌ಐಸಿ ಪಾಲಿಸಿಗೆ, ತಾರೀಖು ದಾಟಿದ ಲೈಸೆನ್ಸಿಗೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ಫೋನಿನಲ್ಲಿ ಒಂದೇ ಸಲ ಹೇಳಿದರೂ ತಪ್ಪಾಗಿ ಕೇಳಿಸದ ಮಾತು ಬೇಕು. ಚಿಕ್ಕಮಗಳೂರು, ಮೂಡಿಗೆರೆ ಕಡೆಯವರು ಇದ್ದರೆ ದಯವಿಟ್ಟು ಬರೆಯಿರಿ. ದಸರಾ ಕಳೆದ ಮೇಲೆ ಹೊಸ ಸೈಟ್ ಶುರುವಾಗುತ್ತದೆ. ಅಷ್ಟರೊಳಗೆ ಫಾರಂ ಅಚ್ಚಾಗಬೇಕು.